ಬೆಳ್ವೊಲದ ಬಸದಿಗಳು: ಶಿಲೆಯಲ್ಲಿ ಉಳಿದ ಲೆಕ್ಕ

ಧರ್ಮವೊಂದು ತನ್ನ ಅನುಯಾಯಿಗಳನ್ನೆಲ್ಲ ಕಳೆದುಕೊಂಡರೆ, ಅದರ ಪರವಾಗಿ ಸಾಕ್ಷ್ಯ ನುಡಿಯಲು ಉಳಿಯುವುದು ಮಣ್ಣು ಮತ್ತು ಕಲ್ಲು. ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ರೋಮನ್ ಸಾಮ್ರಾಜ್ಯದ ಪ್ರಾಂತಗಳಲ್ಲಿ ಹಬ್ಬಿದ್ದ ಮಿಥ್ರನ ಆರಾಧನೆ ಇದಕ್ಕೆ ನಿದರ್ಶನ. ಆ ಮತದ ಧರ್ಮಗ್ರಂಥವಾವುದೂ ಉಳಿದಿಲ್ಲ. ಸಿರಿಯಾದ ದೂರಾ ಯೂರೋಪೋಸ್, ಇಟಲಿಯ ಓಸ್ಟಿಯಾ, ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಪರಿಸರ ಮುಂತಾದ ಕಡೆಗಳಲ್ಲಿ ದೊರೆತ ಗುಹೆಯಂತಹ ಗುಡಿಗಳು, ಉಬ್ಬುಶಿಲ್ಪಗಳು ಹಾಗೂ ದಾನಿಗಳ ಬರಹಗಳೇ ಇಂದು ಅದರ ಇತಿಹಾಸಕ್ಕೆ ಮುಖ್ಯ ಆಧಾರ. 1954ರಲ್ಲಿ ಲಂಡನ್ ನಗರದ ಮಧ್ಯದಲ್ಲಿಯೇ ಇಂತಹ ಗುಡಿಯೊಂದು ಬೆಳಕಿಗೆ ಬಂದಾಗ ಅದನ್ನು ನೋಡಲು ಜನರು ಸಾಲುಗಟ್ಟಿ ನಿಂತರು. ಪೂಜಿಸುವವರು ಮಾತ್ರ ಒಬ್ಬರೂ ಇರಲಿಲ್ಲ.

ಜಿನಧರ್ಮದ ಸ್ಥಿತಿ ಹಾಗಿಲ್ಲ. ಇಲ್ಲಿ ಶಿಲೆಯೂ ಇದೆ, ಶ್ರಾವಕರೂ ಇದ್ದಾರೆ. ಆದುದರಿಂದಲೇ ಶಿಲೆಯ ಹೊಣೆಯೂ ಶ್ರಾವಕರದು.

ಪ್ರಾಚೀನ ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣ ಅಣ್ಣಿಗೇರಿ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ. ಶ. 751ರಲ್ಲಿ, ಜೇಬುಳಗೇರಿಯ ಮುಖ್ಯಸ್ಥನಾದ ಕಲಿಯಮ್ಮನು ಚೇದಿಯವೊಂದನ್ನು, ಅಂದರೆ ಜಿನಾಲಯವನ್ನು, ಕಟ್ಟಿಸಿದನೆಂದು ಇಲ್ಲಿಯ ಶಾಸನ ತಿಳಿಸುತ್ತದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬ ಸಂಗತಿ ದೊರೆತದ್ದಾದರೂ ದೂರದ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ. ಪಂಪನ ತಮ್ಮ ಜಿನವಲ್ಲಭನು ಅದನ್ನು ಬರೆಸದೆ ಹೋಗಿದ್ದರೆ ಆ ಸಂಬಂಧ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ಸಮೀಪದ ಗಾವರವಾಡದ 1071–72ರ ಶಾಸನ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಭಾವನಾದ ಗಂಗ ಬೂತುಗನು ಹತ್ತನೆಯ ಶತಮಾನದಲ್ಲಿ ಅಣ್ಣಿಗೇರಿಯಲ್ಲಿ ಬಸದಿಯನ್ನು ಕಟ್ಟಿಸಿದ್ದನು. ಮುಂದೆ ಚೋಳ ಅರಸನು ಬೆಳ್ವೊಲದ ಮೇಲೆ ದಂಡೆತ್ತಿ ಬಂದು ಜಿನಾಲಯಗಳನ್ನು ಸುಟ್ಟನೆಂದೂ, ಆಹವಮಲ್ಲ ಸೋಮೇಶ್ವರನೊಡನೆ ಕಾದಿ ಪ್ರಾಣ ನೀಗಿದನೆಂದೂ ಶಾಸನ ಹೇಳುತ್ತದೆ. ಇದು 1054ರ ಕೊಪ್ಪಂ ಯುದ್ಧ. ಮಡಿದವನು ರಾಜಾಧಿರಾಜ ಚೋಳ. ಅನಂತರ ಇಮ್ಮಡಿ ಸೋಮೇಶ್ವರನ ಕಾಲದಲ್ಲಿ ಬೆಳ್ವೊಲ ಮತ್ತು ಪುಲಿಗೆರೆ ನಾಡುಗಳನ್ನು ಆಳುತ್ತಿದ್ದ ಲಕ್ಷ್ಮರಸನು ಬಸದಿಯನ್ನು ಜೀರ್ಣೋದ್ಧಾರಗೊಳಿಸಿ, ತ್ರಿಭುವನಚಂದ್ರ ಮುನಿಗಳಿಗೆ ದತ್ತಿಯನ್ನು ಒಪ್ಪಿಸಿದನು.

ಶತ್ರುವಿನ ಸಾವನ್ನು ಪಾಪದ ಫಲವೆಂದು ಬಗೆದ ಆ ಶಾಸನದ ಧಾಟಿ ಅದರ ಕಾಲದ್ದು. ಇಂದಿನ ಶ್ರಾವಕನು ಅದರಿಂದ ದ್ವೇಷವನ್ನು ಕಲಿಯಬೇಕಾಗಿಲ್ಲ. ಕ್ಷಮೆಯೇ ಧರ್ಮವೆಂದ ಮೇಲೆ ಸಾವಿರ ವರ್ಷದ ಹಳೆಯ ಬೆಂಕಿಯನ್ನು ಊದಿ ಉರಿಸುವುದು ತರವಲ್ಲ. ಆದರೆ ನಡೆದುದನ್ನು ಮರೆಮಾಚುವುದೂ ಸತ್ಯವ್ರತಕ್ಕೆ ಒಪ್ಪುವುದಿಲ್ಲ. ಕಟ್ಟಿದವನು, ಕೆಡಿಸಿದವನು, ಮತ್ತೆ ಎತ್ತಿ ನಿಲ್ಲಿಸಿದವನು, ಮೂವರನ್ನೂ ಶಾಸನ ದಾಖಲಿಸಿದೆ. ಅದು ಪ್ರಾಮಾಣಿಕ ವರ್ತಕನ ಕೀರ್ದಿಯಂತೆ: ಜಮೆಯೂ ಉಂಟು, ನಷ್ಟವೂ ಉಂಟು.

ಈ ಕೀರ್ದಿಗೆ ಇಂದು ಅಪಾಯವೊದಗುವುದು ಪರರ ಸೈನ್ಯದಿಂದಲ್ಲ, ಸ್ವಜನರ ಭಕ್ತಿಯಿಂದ. ಜೀರ್ಣೋದ್ಧಾರದ ಹೆಸರಿನಲ್ಲಿ ಅಕ್ಷರಗಳ ಮೇಲೆ ಎಣ್ಣೆಬಣ್ಣ ಬಳಿದರೆ, ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಸಿದರೆ, ಹಳೆಯ ಕಂಬವನ್ನು ಕಿತ್ತು ಅಮೃತಶಿಲೆಯನ್ನು ನಿಲ್ಲಿಸಿದರೆ, ಪೂರ್ವದ ದಾನಿಯ ಹೆಸರು ಅಳಿಯುತ್ತದೆ. ಹೊಸ ದಾನಿಯ ಹೆಸರಿನ ಫಲಕಕ್ಕಾಗಿ ಹಳೆಯ ದಾನಿಯ ಹೆಸರನ್ನು ಕಳೆಯುವುದು ದಾನವೆನಿಸೀತೆ? ಅದು ಒಬ್ಬರ ಖಾತೆಯ ಜಮೆಯನ್ನು ಅಳಿಸಿ ಮತ್ತೊಬ್ಬರ ಖಾತೆಗೆ ಬರೆದಂತೆ.

ಬಸದಿಯ ಟ್ರಸ್ಟುಗಳು ಮಾಡಬಹುದಾದ ಕಾರ್ಯ ಕಠಿಣವೇನಲ್ಲ. ತಮ್ಮ ವಶದಲ್ಲಿರುವ ಪ್ರತಿಯೊಂದು ಶಾಸನ, ಮೂರ್ತಿ, ನಿಸಿದಿಗಲ್ಲಿನ ಛಾಯಾಚಿತ್ರ ತೆಗೆಸಿ ದಾಖಲೆಪುಸ್ತಕವನ್ನಿಡಬೇಕು. ದುರಸ್ತಿಗೆ ಮೊದಲು ಪುರಾತತ್ತ್ವ ಇಲಾಖೆಯ ಸಲಹೆ ಪಡೆಯಬೇಕು. ಶಾಸನದ ಸಾರವನ್ನು ಸರಳ ಕನ್ನಡದಲ್ಲಿ ಬರೆಸಿ ಬಸದಿಯ ಬಾಗಿಲಲ್ಲಿ ತೂಗುಹಾಕಬೇಕು.

ಲಕ್ಷ್ಮರಸನು ಬೂತುಗನ ಹೆಸರನ್ನು ಅಳಿಸಲಿಲ್ಲ. ತನ್ನ ಸತ್ಕಾರ್ಯದ ಜೊತೆಗೆ ಅದನ್ನೂ ಬರೆಸಿದನು. ಜೀರ್ಣೋದ್ಧಾರದ ಧರ್ಮವೆಂದರೆ ಇದೇ.