ಗತವೈಭವದ ಕಥೆ, ಅನುಭಾವದ ಹಾಡು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಊರುಗಳ ಸುತ್ತಣ ಸೀಮೆಯು ಮಲೆನಾಡು ಮುಗಿದು ಬಯಲುನಾಡು ತೊಡಗುವ ಎಡೆಯಲ್ಲಿರುವುದು. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗವು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಕನ್ನಡ ಸಾಹಿತ್ಯವನ್ನು ಓದುವವನಿಗೆ ಈ ನೆಲವು ಎರಡು ಬಗೆಯ ಕಾಣಿಕೆಗಳನ್ನು ಸಲ್ಲಿಸಿರುವುದು. ಒಂದು, ಕಳೆದುಹೋದ ವೈಭವವನ್ನು ಹಂಬಲಿಸುವ ಕಥೆ. ಇನ್ನೊಂದು, ವೈಭವವೆಲ್ಲವೂ ಕಳೆದುಹೋಗತಕ್ಕದ್ದೇ ಎಂದರಿತ ಅನುಭಾವದ ಹಾಡು. ಇವನ್ನು ಬೇರೆ ಬೇರೆ ಕಪಾಟುಗಳಲ್ಲಿರಿಸುವುದು ನಮ್ಮ ವಾಡಿಕೆ. ಕೂಡಿಸಿ ಓದಿದಲ್ಲದೆ ಯಾವೊಂದರ ಪ್ರಯೋಜನವೂ ಪೂರ್ಣವಾಗದೆಂಬುದೇ ಈ ಭಾಷಣದ ಅರಿಕೆ.

ಹಂಬಲಕ್ಕೆ ಇಲ್ಲಿ ಕಾರಣಗಳ ಕೊರತೆಯಿಲ್ಲ. ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಕದಂಬರ ಒಂದು ಶಾಖೆಯವರು ಅದನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದರು. ತಾರಕೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ಬಿಡಿಸಿದ ಕಲ್ಲಿನ ಕಮಲವನ್ನು ತಲೆಯೆತ್ತಿ ನೋಡಿದವರಿಗೆ ಆ ಕಾಲದ ಸಿರಿಯ ಅಳತೆಯು ತಿಳಿದೀತು. ಜನರಾದರೋ ಇಷ್ಟಕ್ಕೆ ತೃಪ್ತರಾಗದೆ, ಪಾಂಡವರು ಅಜ್ಞಾತವಾಸ ಮಾಡಿದ ವಿರಾಟನಗರವೇ ತಮ್ಮೂರೆಂದು ಹೇಳುತ್ತ ಬಂದಿರುವರು. ಸವಣೂರಿನಲ್ಲಿ ನವಾಬರ ಸಂಸ್ಥಾನವಿದ್ದಿತು. ಅದೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಳಿದವರು ಹೋದರು, ಕಲ್ಲುಗಳು ಉಳಿದವು.

ಈ ಸೀಮೆಯ ಮಗ್ಗುಲಲ್ಲೇ, ಹಾವೇರಿ ತಾಲೂಕಿನ ಗಳಗನಾಥದಲ್ಲಿ, ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಜನಿಸಿದರು. ಊರ ಹೆಸರೇ ಅವರ ಹೆಸರಾಯಿತು. ಮುಂಬಯಿ ಕರ್ನಾಟಕದಲ್ಲಿ ಅಂದು ಮರಾಠಿಯದೇ ಮೇಲುಗೈ. ಓದುವ ಹವ್ಯಾಸವಿದ್ದ ಕನ್ನಡಿಗರ ಕೈಯಲ್ಲೂ ಮರಾಠಿ ಕಾದಂಬರಿಗಳೇ ಇರುತ್ತಿದ್ದವು. ಶಾಲಾಮಾಸ್ತರರಾಗಿದ್ದ ಗಳಗನಾಥರು ಹರಿ ನಾರಾಯಣ ಆಪಟೆಯವರ ಕಥೆಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾವಿಲಾಸ’ವನ್ನು ಸ್ವತಂತ್ರವಾಗಿ ರಚಿಸಿದರು, ಅಗಡಿಯಲ್ಲಿದ್ದು ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಪ್ರಕಟವಾದಾಗ ಅದಕ್ಕೆ ಕಿವಿಗೊಡಬಲ್ಲ ಓದುಗರು ಇದ್ದರೆಂದರೆ, ಅವರನ್ನು ಸಿದ್ಧಪಡಿಸಿದವರಲ್ಲಿ 1942ರಲ್ಲಿ ತೀರಿಕೊಂಡ ಈ ಮಾಸ್ತರರ ಪಾಲು ಸಣ್ಣದಲ್ಲ. ಹಳೆಯ ಸಿರಿಯ ಕಥೆಯು ಮಂಕಾಗಿದ್ದ ಜನತೆಗೆ ತನ್ನ ಭಾಷೆಯ ಮೇಲಣ ಅಭಿಮಾನವನ್ನು ಮರಳಿ ಕೊಟ್ಟಿತು.

ಆದರೆ ಹಂಬಲಕ್ಕೆ ಒಂದು ದೋಷವುಂಟು. ಸಿರಿಯನ್ನು ಕಳೆದುಕೊಂಡವನು ಅದನ್ನು ಕಸಿದವರಾರೆಂದು ಹುಡುಕತೊಡಗುವನು. ಸುಲಭವಾಗಿ ಕೈಗೆ ಸಿಕ್ಕುವವನು ನೆರೆಮನೆಯವನು. 1565ರ ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ಯನ್ನು ಹಾಗೆ ಓದಿದವರೂ ಇರಬಹುದು. ಆಪಟೆಯವರ ‘ವಜ್ರಾಘಾತ’ವನ್ನು ಆಧರಿಸಿದ ಈ ಕೃತಿಯನ್ನು ಗಮನವಿಟ್ಟು ಓದಿದರೆ ಬೇರೊಂದು ಸಂಗತಿಯು ಕಾಣುವುದು. ರಾಮರಾಜನು ತಾರುಣ್ಯದಲ್ಲಿ ಪ್ರೀತಿಸಿದ ಮೆಹರ್ಜಾನಳಿಗೆ ಗೈದ ಅನ್ಯಾಯವೇ ರಣಮಸ್ತಖಾನನ ಹಗೆಯಾಗಿ ಬೆಳೆದು ಸಾಮ್ರಾಜ್ಯವನ್ನು ಸುಡುವುದು. ಇದು ಇತಿಹಾಸವೆಂದು ಯಾರೂ ನಂಬಬೇಕಾಗಿಲ್ಲ; ಕಾದಂಬರಿಕಾರನ ಕಲ್ಪನೆ. ಆದರೂ ನಾಶದ ಬೀಜವು ಅರಮನೆಯ ಒಳಗೇ ಬಿದ್ದಿತ್ತೆಂಬ ಅದರ ತೀರ್ಪು ಮನನಯೋಗ್ಯವಾದುದು.

ಗಳಗನಾಥರು ದೂರದಿಂದ ಹಂಬಲಿಸಿದ ವಿಜಯನಗರವು ಇನ್ನೂ ಬಾಳುತ್ತಿದ್ದ ಕಾಲದಲ್ಲಿದ್ದವರು ಕನಕದಾಸರು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ನಾಯಕರ ಮನೆತನದಲ್ಲಿ ಹುಟ್ಟಿ, ಕತ್ತಿಯನ್ನು ಕೆಳಗಿಟ್ಟು ದಾಸರಾದರೆಂದು ಸಂಪ್ರದಾಯವು ಹೇಳುವುದು. ‘ಮೋಹನತರಂಗಿಣಿ’ಯ ದ್ವಾರಕೆಯಲ್ಲಿ ವಿಜಯನಗರದ ಪೇಟೆಬೀದಿಗಳ ಬೆಡಗನ್ನು ವಿದ್ವಾಂಸರು ಗುರುತಿಸಿರುವರು. ಅದೇ ಕವಿಯು ‘ರಾಮಧಾನ್ಯಚರಿತೆ’ಯಲ್ಲಿ ಭತ್ತವನ್ನೂ ರಾಗಿಯನ್ನೂ ಸೆರೆಯಲ್ಲಿರಿಸಿ ಪರೀಕ್ಷಿಸಿದ ಕಥೆಯನ್ನು ಹೇಳಿ, ಕೆಡದೆ ಉಳಿದ ಬಡವರ ಧಾನ್ಯಕ್ಕೆ ಗೆಲುವನ್ನು ಕೊಟ್ಟನು. ಸಿರಿಯನ್ನು ಕಣ್ತುಂಬ ಕಂಡವನೇ ಅದರ ಬೆಲೆಯನ್ನು ಹೀಗೆ ಕಟ್ಟಿರುವನು.

ಮೂರು ಶತಮಾನಗಳು ಸಂದ ಮೇಲೆ, ಪೇಶ್ವೆಯ ರಾಜ್ಯವು ಇಂಗ್ಲಿಷರ ವಶವಾದ ಮರುವರ್ಷ, 1819ರಲ್ಲಿ, ಅದೇ ತಾಲೂಕಿನ ಶಿಶುನಾಳದಲ್ಲಿ ಶರೀಫರು ಹುಟ್ಟಿದರು. ಮುಸಲ್ಮಾನರ ಮನೆಯ ಈ ಮಗನಿಗೆ ಗುರುವಾದವರು ಕಳಸದ ಗೋವಿಂದಭಟ್ಟರು. ಸೋರುವ ಮಾಳಿಗೆ, ತುಂಬಿದ ಕೊಡ, ರಾಟೆ, ಬೀಸುವ ಕಲ್ಲು ಮುಂತಾದ ಮನೆಬಳಕೆಯ ವಸ್ತುಗಳೇ ಶರೀಫರಿಗೆ ವೇದಾಂತದ ಪಾಠಗಳು. ದೇಹವೇ ಶಿಥಿಲವಾದ ಮನೆಯೆಂದರಿತವನಿಗೆ, ಕೋಟೆ ಯಾರದು, ಯಾರು ಕೆಡವಿದರೆಂಬ ಜಗಳವು ಎಷ್ಟರದು? 1889ರಲ್ಲಿ ಅವರು ಕಾಲವಾದರು; ಅವರ ಗದ್ದುಗೆಗೆ ಎರಡೂ ಮತದವರು ಇಂದಿಗೂ ನಡೆದುಕೊಳ್ಳುವರು.

ಹಿರೇಕೆರೂರು ಸೀಮೆಯ ಅಬಲೂರು ಇದೇ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಲಿಸುವುದು. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ಗೆದ್ದುದನ್ನು ಕೀರ್ತಿಸುವುದು. ಅದು ಒಂದು ಪಕ್ಷದ ಜಯದ ನೆನಪು. ಆದುದರಿಂದ ಇನ್ನೊಂದು ಪಕ್ಷದ ಅಳಲೂ ಆಗಿರಲೇಬೇಕು. ಜನರ ಬಾಯಲ್ಲಿ ಅದೇ ಊರು ಸರ್ವಜ್ಞನ ಊರೂ ಆಗಿರುವುದು. ಅವನಾದರೋ ಜಾತಿಯ ಹೆಮ್ಮೆಯನ್ನು ಮೂರು ಸಾಲುಗಳಲ್ಲಿ ಮುರಿದವನು. ಕಲ್ಲು ಒಂದನ್ನು ನೆನೆಯುವುದು, ನಾಲಗೆ ಇನ್ನೊಂದನ್ನು. ಇತಿಹಾಸದ ವಿದ್ಯಾರ್ಥಿಗೆ ಎರಡೂ ಬೇಕು.

ಕಥೆಯೂ ಅನುಭಾವವೂ ಒಬ್ಬನೇ ಲೇಖಕನಲ್ಲಿ ನೆಲಸಬಲ್ಲವೆಂಬುದಕ್ಕೆ 1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ನಿದರ್ಶನ. ತಮ್ಮ ಕಾಲದ ಬಾಳನ್ನು ಅವರು ‘ಸಮರಸವೇ ಜೀವನ’ವೆಂಬ ವಿಸ್ತಾರವಾದ ಕಾದಂಬರಿಯಲ್ಲಿ ಬಿಡಿಸಿದರು, ಶ್ರೀ ಅರವಿಂದರ ದರ್ಶನಕ್ಕೆ ಒಲಿದ ಅವರ ಕಾವ್ಯವು ‘ದ್ಯಾವಾ ಪೃಥಿವೀ’ಯಲ್ಲಿ ಭೂಮ್ಯಾಕಾಶಗಳನ್ನು ಬೆಸೆಯಿತು. ಆ ಕೃತಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು.

ಅನುಭಾವವಿಲ್ಲದ ಹಂಬಲವು ಕ್ರಮೇಣ ಹಗೆಯಾಗುವುದು. ಇತಿಹಾಸವನ್ನು ಮರೆತ ಅನುಭಾವವು ನೆಲೆಯಿಲ್ಲದ ವೈರಾಗ್ಯವಾಗಿ, ನೆರೆಯವನ ಕಷ್ಟಕ್ಕೂ ಕಣ್ಣು ಮುಚ್ಚುವುದು. ನಮ್ಮ ಮಕ್ಕಳ ಕೈಗೆ ಗಳಗನಾಥರನ್ನು ಕೊಡೋಣ. ನಾಡು ತಮ್ಮದೆಂಬ ಅಭಿಮಾನವು ಅವರಿಗೆ ಬರಲಿ. ಆದರೆ ಆ ಪುಸ್ತಕವನ್ನು ಮುಚ್ಚಿದ ಸಂಜೆಯೇ ಶರೀಫರ ಒಂದು ಪದವನ್ನೂ ಕೇಳಿಸೋಣ. ಆ ನಾಡು ನೆರೆಯವನದೂ ಹೌದೆಂಬುದು ಅದರಿಂದ ಮನದಟ್ಟಾಗಲಿ.