ಪುರುಷ ಸಂತಾನಶಕ್ತಿಹರಣ ಚಿಕಿತ್ಸೆ (ವ್ಯಾಸೆಕ್ಟಮಿ)

ವೃಷಣದಿಂದ ವೀರ್ಯಾಣುಗಳನ್ನು ಒಯ್ಯುವ ಎರಡು ನಾಳಗಳನ್ನು ಕತ್ತರಿಸಿ ಕಟ್ಟುವ, ಗಂಡಸರ ಶಾಶ್ವತ ಗರ್ಭನಿರೋಧ ವಿಧಾನ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ, ಇಡೀ ಕರ್ನಾಟಕದಲ್ಲಿರುವಂತೆಯೇ, ‘ಆಪರೇಷನ್’ ಎಂದರೆ ಹೆಂಗಸರದೇ ಎಂಬ ರೂಢಿ ಗಟ್ಟಿಯಾಗಿದೆ. 1930ರಲ್ಲೇ ಸರ್ಕಾರಿ ಸಂತಾನನಿಯಂತ್ರಣ ಕ್ಲಿನಿಕ್ ತೆರೆಯಲು ಮುಂದಾದ ಮೈಸೂರು ಸೀಮೆಯಲ್ಲಿ ಇದು ನೋವಿನ ಸಂಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಸ್ತ್ರೀ ಚಿಕಿತ್ಸೆಯ ಪ್ರಮಾಣ ಶೇ 37.9, ಪುರುಷರದು ಶೇ 0.3. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಚಿಕಿತ್ಸೆಗಳ ನೆನಪೂ ಇದಕ್ಕೊಂದು ಕಾರಣ.

ಚೀನಾದ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಕತ್ತಿಯಿಲ್ಲ, ಹೊಲಿಗೆಯಿಲ್ಲ. ಆ ಭಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು ಸಣ್ಣ ರಂಧ್ರದ ಮೂಲಕ ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಅಂದೇ ಮನೆಗೆ ಹೋಗಬಹುದು. ಹಾರ್ಮೋನ್ ಎಂದಿನಂತೆ ರಕ್ತಕ್ಕೆ ಸೇರುವುದರಿಂದ ಗಂಡಸುತನ ಕುಗ್ಗದು, ಅಡಿಕೆ ತೋಟದ ಕೆಲಸಕ್ಕೂ ಹಮಾಲಿಗೂ ಬೇಕಾದ ಕಸುವು ಹೋಗದು. ಕೆಲವು ದಿನ ಭಾರ ಎತ್ತಬಾರದು, ಅಷ್ಟೆ. ಆದರೆ ಫಲ ತಕ್ಷಣದ್ದಲ್ಲ: ಮೂರು ತಿಂಗಳು ಬೇರೆ ಉಪಾಯ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮರುಜೋಡಣೆ ಕಷ್ಟ, ಯಶಸ್ಸು ಅನಿಶ್ಚಿತ. ಹಾಗಾಗಿ ಇನ್ನು ಮಕ್ಕಳು ಬೇಡವೆಂದು ಗಂಡಹೆಂಡಿರಿಬ್ಬರೂ ನಿಶ್ಚಯಿಸಿದ ಮೇಲಷ್ಟೇ ಇದು ತಕ್ಕದ್ದು. ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇದರ ಜಾಗೃತಿ ಪಾಕ್ಷಿಕ ನಡೆಯುತ್ತದೆ.