ಮಗಳ ಮಗ್ಗುಲಲ್ಲಿ

1970ರ ನವೆಂಬರ್ 12. ಪ್ಯಾರಿಸ್ ನಗರದ ನೋತ್ರ್ ದಾಮ್ ಮಹಾದೇವಾಲಯದಲ್ಲಿ ನಾನಾ ದೇಶಗಳ ಅಧ್ಯಕ್ಷರು, ಪ್ರಧಾನಿಗಳು, ರಾಜಮನೆತನದವರು ಸಾಲಾಗಿ ಕುಳಿತಿದ್ದರು. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಕೂಡ ಬಂದಿದ್ದರು. ಮೂರು ದಿನಗಳ ಹಿಂದೆ ಅಗಲಿದ ಫ್ರಾನ್ಸ್ ದೇಶದ ಮಾಜಿ ಅಧ್ಯಕ್ಷ ಜನರಲ್ ಚಾರ್ಲ್ಸ್ ಡಿ ಗಾಲ್ ಅವರ ಆತ್ಮಶಾಂತಿಗಾಗಿ ಅಲ್ಲಿ ಬಲಿಪೂಜೆ ನಡೆಯುತ್ತಿತ್ತು. ಆದರೆ ಅಲ್ಲಿ ಶವಪೆಟ್ಟಿಗೆ ಇರಲಿಲ್ಲ. ಅದು ಪ್ಯಾರಿಸ್‌ನಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೊಲೊಂಬೆ ಎಂಬ ಪುಟ್ಟ ಹಳ್ಳಿಯಲ್ಲಿತ್ತು. ಅದೇ ದಿನ ಆ ಊರಿನ ಯುವಕರು ಅದನ್ನು ಹೊತ್ತು ತಂದು, ದೇವಾಲಯದ ಪಕ್ಕದ ಸಮಾಧಿ ಭೂಮಿಯಲ್ಲಿ ಮಣ್ಣುಮಾಡಿದರು.

ಹದಿನೆಂಟು ವರ್ಷಗಳ ಹಿಂದೆಯೇ, 1952ರ ಜನವರಿಯಲ್ಲಿ, ಜನರಲ್ ತಮ್ಮ ಅಂತ್ಯಕ್ರಿಯೆಯ ಬಗ್ಗೆ ಬರೆದಿಟ್ಟಿದ್ದರು. ಅಧ್ಯಕ್ಷರು, ಮಂತ್ರಿಗಳು ಬರಬಾರದು, ವಾದ್ಯಮೇಳ ಬೇಡ, ಭಾಷಣ ಬೇಡ. ತಮ್ಮ ಮಗಳು ಆ್ಯನ್ ಈಗಾಗಲೇ ಮಲಗಿರುವ, ಮುಂದೊಂದು ದಿನ ತಮ್ಮ ಪತ್ನಿಯೂ ಮಲಗಲಿರುವ ಗೋರಿಯೇ ತಮ್ಮ ಗೋರಿಯಾಗಬೇಕು.

ರಾಷ್ಟ್ರದ ಅತ್ಯುನ್ನತ ಗೌರವವನ್ನು ಬದಿಗಿಟ್ಟು ಈ ತಂದೆ ಯಾರ ಮಗ್ಗುಲನ್ನು ಆರಿಸಿಕೊಂಡರೋ, ಆ ಮಗಳು ಬದುಕಿದ್ದು ಕೇವಲ ಇಪ್ಪತ್ತು ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇತ್ತು.

ಆ್ಯನ್ ಹುಟ್ಟಿದ್ದು 1928ರ ಹೊಸ ವರ್ಷದ ದಿನ, ಜರ್ಮನಿಯ ಟ್ರಿಯರ್ ನಗರದಲ್ಲಿ. ಮೊದಲ ಮಹಾಯುದ್ಧದ ನಂತರ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೇನೆಯ ಒಂದು ದಳಕ್ಕೆ ಆಕೆಯ ತಂದೆ ಅಧಿಕಾರಿ. ತಾಯಿ ಇವೋನ್‌ಗೆ ಆಗ ಇಪ್ಪತ್ತೇಳು ವರ್ಷ. ಮನೆಯಲ್ಲಿ ಆಗಲೇ ಇಬ್ಬರು ಮಕ್ಕಳಿದ್ದರು: ಆರು ವರ್ಷದ ಫಿಲಿಪ್, ಮೂರು ವರ್ಷದ ಎಲಿಸಬೆತ್. ಮೂರನೆಯ ಮಗು ಇತರ ಮಕ್ಕಳಂತೆ ಬೆಳೆಯಲಾರದು ಎಂಬ ಸತ್ಯ ತಂದೆತಾಯಿಗೆ ತಿಳಿದಾಗ, ಅದನ್ನು ತಾಳಿಕೊಳ್ಳಲು ಬೇಕಾದ ಅರಿವು ವೈದ್ಯರ ಬಳಿಯೂ ಇರಲಿಲ್ಲ.

ಈ ಸ್ಥಿತಿಯ ಲಕ್ಷಣಗಳನ್ನು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ವಿವರಿಸಿದ್ದರು. ಮಕ್ಕಳ ಮುಖಲಕ್ಷಣವನ್ನು ಕಂಡು ಅವರು ಕೊಟ್ಟ ‘ಮಂಗೋಲ’ ಎಂಬ ಹೆಸರು ಸುಮಾರು ನೂರು ವರ್ಷ ಅಂಟಿಕೊಂಡಿತ್ತು. ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತಂದೆಯ ಕುಡಿತ, ತಾಯಿಯ ರೋಗ, ವಂಶದ ದೋಷ ಎಂದು ಬಗೆಬಗೆಯ ಊಹೆಗಳು ಹಬ್ಬಿದ್ದವು. ಎಲ್ಲ ಊಹೆಗಳೂ ಹೆತ್ತವರತ್ತಲೇ ಬೆರಳು ತೋರಿಸುತ್ತಿದ್ದವು. ಆದ್ದರಿಂದ ಅನುಕೂಲವಿದ್ದ ಕುಟುಂಬಗಳು ಇಂತಹ ಮಗುವನ್ನು ದೂರದ ಆಶ್ರಮಕ್ಕೆ ಸೇರಿಸಿ, ಅದರ ಹೆಸರನ್ನೇ ಎತ್ತದಿರುವುದು ಅಂದಿನ ವಾಡಿಕೆಯಾಗಿತ್ತು.

ಡಿ ಗಾಲ್ ದಂಪತಿಗಳು ಹಾಗೆ ಮಾಡಲಿಲ್ಲ. ಇದನ್ನು ಅವರು ಲೀಲಾಜಾಲವಾಗಿ ಒಪ್ಪಿಕೊಂಡರೆಂದು ಭಾವಿಸುವುದು ತಪ್ಪಾದೀತು. ಆ್ಯನ್ ಇತರ ಹುಡುಗಿಯರಂತೆ ಆಗುವುದಾದರೆ ತಾವಿಬ್ಬರೂ ಆರೋಗ್ಯ, ಆಸ್ತಿ, ಬಡ್ತಿ, ಎಲ್ಲವನ್ನೂ ಬಿಟ್ಟುಕೊಡಲು ಸಿದ್ಧ ಎಂಬರ್ಥದಲ್ಲಿ ಇವೋನ್ ತಮ್ಮ ಗೆಳತಿಗೆ ಬರೆದಿದ್ದರು. ಆ ತಾಯಿಯ ಕಣ್ಣೀರು ಆ ಪತ್ರದಲ್ಲಿದೆ. ಆದರೆ ಅತ್ತ ಮೇಲೂ ಅವರು ಮಗುವನ್ನು ಮನೆಯಲ್ಲಿಯೇ ಉಳಿಸಿಕೊಂಡರು.

ಮನೆಯಲ್ಲಿ ಉಳಿಸಿಕೊಳ್ಳುವುದೆಂದರೆ ಮನೆಯ ನಡೆಯನ್ನೇ ಬದಲಿಸಿಕೊಳ್ಳುವುದು. 1929ರಲ್ಲಿ ತಂದೆಗೆ ಲೆಬನಾನಿನ ಬೈರೂತ್‌ಗೆ ವರ್ಗವಾಯಿತು. ಮೂವರು ಮಕ್ಕಳೂ ಜೊತೆಗೆ ಹೋದರು. ಸಂಬಳದ ಹಣದಲ್ಲಿ ಬಾಳುತ್ತಿದ್ದ ಆ ಕುಟುಂಬ 1934ರಲ್ಲಿ ಕೊಲೊಂಬೆ ಹಳ್ಳಿಯಲ್ಲಿ ಒಂದು ಹಳೆಯ ಮನೆಯನ್ನು ಕೊಂಡಿತು. ಇತಿಹಾಸದಲ್ಲಿ ‘ಲಾ ಬುವಾಸ್ಸರಿ’ ಎಂದು ಹೆಸರಾದ ಆ ಮನೆಯನ್ನು ಆರಿಸಲು ಒಂದು ಮುಖ್ಯ ಕಾರಣ ಆ್ಯನ್: ಜನರ ಕುತೂಹಲದ ನೋಟವಿಲ್ಲದೆ ಅವಳು ತೋಟದಲ್ಲಿ ಓಡಾಡಬೇಕಿತ್ತು. ದಿನನಿತ್ಯದ ಆರೈಕೆಗೆ ನಂಬಿಗಸ್ತ ದಾದಿಯೊಬ್ಬರಿದ್ದರು. ಮನೆಯಲ್ಲಿ ಆ್ಯನ್‌ಗೂ ಉಳಿದ ಇಬ್ಬರಿಗೂ ನಡುವೆ ಭೇದ ತೋರಬಾರದೆಂಬುದು ಹೆತ್ತವರ ಕಟ್ಟಳೆ.

1933ರಲ್ಲಿ ಬ್ರಿಟನಿಯ ಬೆನೊದೆ ಕಡಲತೀರದಲ್ಲಿ ತೆಗೆದ ಒಂದು ಛಾಯಾಚಿತ್ರ ಉಳಿದಿದೆ. ಕಡಲದಂಡೆಯಲ್ಲಿಯೂ ಸೂಟು ತೊಟ್ಟು, ಆರಾಮಕುರ್ಚಿಯಲ್ಲಿ ಕುಳಿತ ನೀಳಕಾಯದ ಸೇನಾಧಿಕಾರಿ. ತೊಡೆಯ ಮೇಲೆ ಐದು ವರ್ಷದ ಆ್ಯನ್. ಆ ಮನುಷ್ಯ ಹೊರಗೆ ಬಿಗುಮಾನಿ, ಮಿತಭಾಷಿ. ಸ್ವಂತ ಮಕ್ಕಳೆದುರಿಗೂ ಭಾವನೆಯನ್ನು ತೋರಗೊಡದವರು. ಆದರೆ ಆ್ಯನ್ ಎದುರಾದರೆ ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು, ಕುಣಿದು ನಗಿಸುತ್ತಿದ್ದರು, ತಮ್ಮ ಸೈನಿಕ ಟೋಪಿಯನ್ನು ಅವಳ ಆಟಕ್ಕೆ ಕೊಡುತ್ತಿದ್ದರು ಎಂದು ಕಂಡವರು ಹೇಳಿದ್ದಾರೆ. ಅವಳ ಬಾಯಿಂದ ಸ್ಪಷ್ಟವಾಗಿ ಹೊರಡುತ್ತಿದ್ದ ಕೆಲವೇ ಪದಗಳಲ್ಲಿ ‘ಪಪಾ’ ಒಂದಂತೆ. 1940ರ ಯುದ್ಧದ ನಡುವೆ ಅವರು ತಮ್ಮ ಸೇನಾದಳದ ಗುರುಗಳೊಡನೆ ಈ ಮಗಳ ಬಗ್ಗೆ ಮನಬಿಚ್ಚಿ ಮಾತನಾಡಿದ್ದುಂಟು. ತಂದೆಯಾದವನಿಗೆ ಇದು ಕಠಿಣ ಪರೀಕ್ಷೆ ನಿಜ. ಆದರೂ ಈ ಮಗು ತಮಗೆ ದೇವರ ಕೃಪೆ. ಸೋಲನ್ನೂ ಸನ್ಮಾನವನ್ನೂ ಮೀರಿ ಮೇಲಕ್ಕೆ ನೋಡಲು ಅವಳು ನೆರವಾಗುತ್ತಾಳೆ ಎಂಬುದು ಆ ಮಾತಿನ ಸಾರ.

ಅದೇ ಕಾಲದಲ್ಲಿ, ಆ್ಯನ್ ಹುಟ್ಟಿದ ಜರ್ಮನಿಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಮರೆಯಲಾಗದು. 1939ರ ಆಗಸ್ಟ್‌ನಲ್ಲಿ ನಾಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಅಂಗವೈಕಲ್ಯದ ಶಿಶುಗಳ ಹೆಸರನ್ನು ವೈದ್ಯರೂ ಸೂಲಗಿತ್ತಿಯರೂ ಸರ್ಕಾರಕ್ಕೆ ತಿಳಿಸಬೇಕಿತ್ತು. ಆ ಪಟ್ಟಿಯಲ್ಲಿ ಇಂದು ಡೌನ್ ಸಿಂಡ್ರೋಮ್ ಎನ್ನುವ ಸ್ಥಿತಿಯೂ ಇತ್ತು. ಹೆಸರು ಬರೆಸಿಕೊಂಡ ಸಾವಿರಾರು ಮಕ್ಕಳನ್ನು ಕೊಂದರು. ದೊಡ್ಡವರಿಗಾಗಿ ಪ್ರತ್ಯೇಕ ಯೋಜನೆಯನ್ನೇ ರೂಪಿಸಿ, 1941ರ ಆಗಸ್ಟ್‌ವರೆಗೆ ಸುಮಾರು 70,000 ಮಂದಿಯನ್ನು ವಿಷಾನಿಲದಿಂದ ಕೊಂದರು. ‘ಬದುಕಲು ಯೋಗ್ಯವಲ್ಲದ ಜೀವ’ ಎಂಬುದು ಆ ಆಡಳಿತದ ಮಾತು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಬಿಷಪ್ ಕ್ಲೆಮೆನ್ಸ್ ಫಾನ್ ಗಾಲೆನ್ ಪ್ರಬೋಧನಾ ಪೀಠದಿಂದಲೇ ಇದನ್ನು ಕೊಲೆಯೆಂದು ಕರೆದರು. ದುಡಿಯಲಾರದವನನ್ನು ಕೊಲ್ಲಬಹುದಾದರೆ ನಾಳೆ ಮುದುಕರ ಗತಿಯೇನು, ಗಾಯಗೊಂಡು ಮರಳಿದ ಸೈನಿಕನ ಗತಿಯೇನು ಎಂಬುದು ಅವರ ಪ್ರಶ್ನೆಯ ತಿರುಳು.

1940ರ ಮೇ ತಿಂಗಳಲ್ಲಿ ಆ ಸೇನೆಯೇ ಫ್ರಾನ್ಸಿನೊಳಗೆ ನುಗ್ಗಿ ಬಂತು. ಬ್ರಿಟನಿಯಲ್ಲಿದ್ದ ಇವೋನ್ ಮೂವರು ಮಕ್ಕಳನ್ನೂ ದಾದಿಯನ್ನೂ ಕರೆದುಕೊಂಡು ಬ್ರೆಸ್ಟ್ ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡ್ ಸೇರಿದರು. ಪತಿ ಲಂಡನ್ನಿನ ಬಿ.ಬಿ.ಸಿ. ಬಾನುಲಿಯಲ್ಲಿ ಜೂನ್ 18ರ ಪ್ರಸಿದ್ಧ ಕರೆಯನ್ನು ಕೊಟ್ಟ ದಿನಗಳಲ್ಲಿಯೇ ಈ ಪಯಣವೂ ನಡೆಯಿತು. ಮುಂದೆ ಲಂಡನ್ನಿನ ಮೇಲೆ ಬಾಂಬುಗಳು ಬೀಳತೊಡಗಿದಾಗ ಆ ಸದ್ದಿಗೆ ಆ್ಯನ್ ತೀವ್ರವಾಗಿ ಬೆದರುತ್ತಿದ್ದಳು. ಅವಳ ಸಲುವಾಗಿ ಕುಟುಂಬ ದೂರದ ಶ್ರಾಪ್‌ಶೈರ್ ಗ್ರಾಮಾಂತರಕ್ಕೆ ಹೋಯಿತು; 1943ರಲ್ಲಿ ಆಲ್ಜೀರ್ಸ್ ನಗರಕ್ಕೆ; ಯುದ್ಧ ಮುಗಿದ ಮೇಲೆ ಮರಳಿ ಕೊಲೊಂಬೆಗೆ. ಎಲ್ಲಿಗೆ ಹೋದರೂ ಆ್ಯನ್ ಜೊತೆಗಿದ್ದಳು.

ಇಂತಹ ಮಗುವಿರುವ ಎಲ್ಲ ತಂದೆತಾಯಿಯರಂತೆ ಇವರಿಗೂ ಒಂದು ಚಿಂತೆ ಬಿಡದೆ ಕಾಡುತ್ತಿತ್ತು. ನಾವು ಕಣ್ಮುಚ್ಚಿದ ಮೇಲೆ ಇವಳಿಗೆ ಯಾರು? ಈ ಚಿಂತೆಯಿಂದಲೇ 1945ರಲ್ಲಿ ‘ಆ್ಯನ್ ಡಿ ಗಾಲ್ ಪ್ರತಿಷ್ಠಾನ’ ಹುಟ್ಟಿತು. ಪ್ಯಾರಿಸ್ ಸಮೀಪದ ಮಿಲಾನ್ ಲಾ ಶಾಪೆಲ್ ಎಂಬ ಊರಿನಲ್ಲಿ ಹಳೆಯ ಬಂಗಲೆಯೊಂದನ್ನು ಪಡೆದು, ಬೌದ್ಧಿಕ ವೈಕಲ್ಯವಿದ್ದ ಬಡ ಹೆಣ್ಣುಮಕ್ಕಳಿಗೆ ಅಲ್ಲಿ ಆಸರೆ ಕಲ್ಪಿಸಿದರು. ಮುಂದೆ ಜನರಲ್ ತಮ್ಮ ಯುದ್ಧದ ನೆನಪುಗಳ ಸಂಪುಟಗಳಿಂದ ಬಂದ ಗೌರವಧನವನ್ನೂ ಅದಕ್ಕೇ ಕೊಟ್ಟರು.

ಆ್ಯನ್‌ಗೆ ಮಾತ್ರ ಆ ಆಸರೆ ಬೇಕಾಗಲೇ ಇಲ್ಲ. 1948ರ ಫೆಬ್ರವರಿ 6ರಂದು, ಇಪ್ಪತ್ತು ತುಂಬಿ ಐದು ವಾರವಾಗಿತ್ತಷ್ಟೆ, ನ್ಯುಮೋನಿಯಾದಿಂದ ಕೊಲೊಂಬೆಯ ಮನೆಯಲ್ಲಿಯೇ ಅವಳು ತೀರಿಕೊಂಡಳು. ಈಗ ಅವಳೂ ಎಲ್ಲರಂತೆ ಆದಳು ಎಂದು ತಂದೆ ಸಮಾಧಿಯ ಬಳಿ ಪತ್ನಿಗೆ ಹೇಳಿದರಂತೆ. ವರ್ಷಗಳ ಹಿಂದೆ ಆ ತಾಯಿ ಪತ್ರದಲ್ಲಿ ಬೇಡಿಕೊಂಡದ್ದೂ ಇದನ್ನೇ ಅಲ್ಲವೇ! ಮಗಳು ಹೋದ ಮೇಲೂ ಅವರು ಪ್ರತಿಷ್ಠಾನವನ್ನು ಮುಚ್ಚಲಿಲ್ಲ. ಇತರರ ಮಕ್ಕಳಿಗಾಗಿ ಅದು ಮುಂದುವರಿಯಿತು.

ಆ ಮನೆಯವರು ಅರಿಯದೇ ಹೋದ ಕಾರಣ ಬೆಳಕಿಗೆ ಬಂದದ್ದು ಹನ್ನೊಂದು ವರ್ಷಗಳ ನಂತರ. 1959ರ ಜನವರಿ 8ರಂದು ಡಿ ಗಾಲ್ ಫ್ರಾನ್ಸಿನ ಅಧ್ಯಕ್ಷರಾದರು. ಅದೇ ತಿಂಗಳ 26ರಂದು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಜೆರೋಮ್ ಲೆಜೂನ್, ಮಾರ್ತ್ ಗೊತಿಯೆ ಮತ್ತು ರೇಮಂಡ್ ಟುರ್ಪಿನ್ ತಮ್ಮ ಸಂಶೋಧನೆಯನ್ನಿಟ್ಟರು. ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿರುತ್ತವೆ; ಈ ಮಕ್ಕಳಲ್ಲಿ 47. ಎರಡಿರಬೇಕಾದ 21ನೆಯ ವರ್ಣತಂತು ಮೂರಿರುವುದೇ ಕಾರಣ. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿರುವುದು ಇದೇ ಲೆಕ್ಕದಿಂದ. ತಂದೆಯ ಕುಡಿತ, ತಾಯಿಯ ಪಾಪ, ವಂಶದ ಶಾಪ ಎಂಬ ಮಾತುಗಳೆಲ್ಲ ಅಂದಿಗೆ ಬಿದ್ದುಹೋದವು. ಬೀಳಬೇಕಿತ್ತು. ಇದೇ ಜ್ಞಾನವನ್ನು ಮುಂದೆ ಇಂತಹ ಶಿಶುಗಳು ಹುಟ್ಟದಂತೆ ತಡೆಯಲು ಬಳಸಿದ್ದು ಲೆಜೂನ್ ಅವರನ್ನು ಕೊನೆಯವರೆಗೂ ನೋಯಿಸಿತು.

ಡಿ ಗಾಲ್ ಮನೆಯಲ್ಲಿ ದಾದಿಯಿದ್ದರು, ತೋಟವಿತ್ತು. ನಮ್ಮ ಅನೇಕ ಮನೆಗಳಲ್ಲಿ ಅವೆರಡೂ ಇಲ್ಲ. ತಂದೆ ಕೆಲಸಕ್ಕೆ ಹೋದರೆ ತಾಯಿ ಒಬ್ಬಳೇ ಮೂವರು ಮಕ್ಕಳನ್ನು ಸಂಭಾಳಿಸಬೇಕು. ಆದ್ದರಿಂದ ಆ ಕುಟುಂಬವನ್ನು ತೋರಿಸಿ, ನೀವೂ ಹಾಗೆಯೇ ಇರಿ ಎಂದು ಆ ತಾಯಿಗೆ ಬೋಧಿಸುವ ಅಧಿಕಾರ ನನಗಿಲ್ಲ.

ನನಗೆ ಬೇರೊಂದು ನೆನಪಿದೆ. ಗುರುದೀಕ್ಷೆಯಾದ ಹೊಸತರಲ್ಲಿ, ಮೊದಲ ಪರಮಪ್ರಸಾದದ ತರಗತಿಗೆ ತಾಯಿಯೊಬ್ಬರು ತಮ್ಮ ಮೂವರು ಮಕ್ಕಳಲ್ಲಿ ನಡುವಿನವಳನ್ನು ಕರೆತಂದಿದ್ದರು. ಆ ಹುಡುಗಿಗೆ ಡೌನ್ ಸಿಂಡ್ರೋಮ್ ಇತ್ತು. “ಇವಳಿಗೆ ಇದೆಲ್ಲ ಅರ್ಥವಾಗುವುದಿಲ್ಲಮ್ಮ, ಸುಮ್ಮನೆ ಯಾಕೆ ಕಷ್ಟ?” ಎಂದುಬಿಟ್ಟೆ. ಅನುಕಂಪದಿಂದಲೇ ಹೇಳಿದೆನೆಂದು ಆಗ ಅಂದುಕೊಂಡಿದ್ದೆ. “ಆಗಲಿ ಫಾದರ್” ಎಂದು ಆ ತಾಯಿ ಮಗಳ ಕೈ ಹಿಡಿದು ಹೊರಟರು. ತಂಗಿಯನ್ನು ಮುಂದಿನ ವರ್ಷ ಕರೆತಂದರು; ಅಕ್ಕನನ್ನು ಮತ್ತೆ ಕರೆತರಲಿಲ್ಲ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಪ್ರಭುವನ್ನು ಕೇಳಿದ ಶಿಷ್ಯರ ಬಗ್ಗೆ ಎಷ್ಟೋ ಬಾರಿ ಪ್ರಬೋಧನೆ ಕೊಟ್ಟಿದ್ದೇನೆ. ಆ ದಿನ ಬಾಗಿಲು ಮುಚ್ಚಿದವನು ನಾನೇ.

ಮನೆಯವರು ಉಳಿಸಿಕೊಂಡ ಮಗುವಿಗೆ ಊರೂ ದೇವಾಲಯವೂ ಜಾಗ ಕೊಡಬೇಕು. ಭಾನುವಾರದ ಪೂಜೆಯಲ್ಲಿ ಆ ಮಗು ಗಟ್ಟಿಯಾಗಿ ಕೂಗಿದರೆ ತಿರುಗಿ ನೋಡದಿರುವುದು, ಹಬ್ಬದ ಊಟಕ್ಕೆ ಆ ಕುಟುಂಬವನ್ನು ಪೂರ್ಣವಾಗಿ ಕರೆಯುವುದು, ವಾರಕ್ಕೊಂದು ಮಧ್ಯಾಹ್ನ ಆ ತಾಯಿಗೆ ಬಿಡುವು ಸಿಗುವಂತೆ ಮಗುವಿನೊಡನೆ ಕುಳಿತುಕೊಳ್ಳುವುದು, ಇವು ನಮ್ಮಿಂದ ಆಗದ ಕೆಲಸಗಳಲ್ಲ. ಇಂದು ಈ ಮಕ್ಕಳಲ್ಲಿ ಅನೇಕರು ಅರವತ್ತು ವರ್ಷದವರೆಗೂ ಬಾಳುತ್ತಾರೆ. ನಾವು ಕಣ್ಮುಚ್ಚಿದ ಮೇಲೆ ಇವರಿಗೆ ಯಾರು ಎಂಬ ಪ್ರಶ್ನೆ ಅಂದಿಗಿಂತ ಇಂದು ಹೆಚ್ಚು ದೊಡ್ಡದು. ಅದಕ್ಕೆ ಉತ್ತರ ಕೊಡಬೇಕಾದವರು ಹೆತ್ತವರು ಮಾತ್ರವೇ?

ತಾಯಿ ಇವೋನ್ 1979ರಲ್ಲಿ ತೀರಿಕೊಂಡು ಅದೇ ಗೋರಿಯನ್ನು ಸೇರಿದರು. ಜನರಲ್ ಹೆಸರನ್ನು ನೆನೆದು ಇಂದಿಗೂ ಜನ ಕೊಲೊಂಬೆಗೆ ಬರುತ್ತಾರೆ. ಬಂದವರು ಆ್ಯನ್ ಹೆಸರನ್ನೂ ಓದಿಯೇ ಹೋಗುತ್ತಾರೆ.